ಕಡಲ ಚಂದ್ರನ ಆಟ: ಸ್ವಾರಸ್ಯವೂ ಸಂಯಮವೂ

ಮನುಷ್ಯನ ಸ್ವಭಾವವು ಕರ್ತವ್ಯದಲ್ಲಿ ತೋರುವುದಕ್ಕಿಂತ ವಿನೋದದಲ್ಲಿ ಹೆಚ್ಚು ಸ್ಪಷ್ಟವಾಗಿ ತೋರುತ್ತದೆ. ಕರ್ತವ್ಯದ ಹಿಂದೆ ಲೋಕದ ಕಣ್ಣಿನ ಭಯವಿರುತ್ತದೆ. ಆಟದಲ್ಲಿ ಆ ಭಯವಿರುವುದಿಲ್ಲ. ಆದುದರಿಂದ ಮನೆಯ ಮಕ್ಕಳು ಕಂಪ್ಯೂಟರಿನ ಮುಂದೆ ಕುಳಿತು ಆಡುವ ಆಟಗಳನ್ನು ಕೇವಲ ಕಾಲಹರಣವೆಂದು ತಳ್ಳಿಹಾಕದೆ, ಅವು ಯಾವ ಮನೋಭಾವವನ್ನು ಅಭ್ಯಾಸ ಮಾಡಿಸುತ್ತವೆ ಎಂಬುದನ್ನು ಹಿರಿಯರು ವಿಚಾರಿಸುವುದು ಉಚಿತವಾಗಿದೆ. ಇಂತಹ ವಿಚಾರಕ್ಕೆ ಬಾಹ್ಯಾಕಾಶದ ಆಟಗಳಲ್ಲಿ ಏಳುವ ಒಂದು ಚಿಕ್ಕ ಸಮಸ್ಯೆಯು ಒಳ್ಳೆಯ ನಿದರ್ಶನ.

ಈ ಬಗೆಯ ಆಟಗಳಲ್ಲಿ ಆಟಗಾರನು ತಾನೇ ನೌಕೆಯನ್ನು ಕಟ್ಟಿ, ಇಂಧನದ ಲೆಕ್ಕ ಹಾಕಿ, ದೂರದ ಗ್ರಹಗಳಿಗೂ ಅವುಗಳ ಉಪಗ್ರಹಗಳಿಗೂ ಪಯಣಿಸುತ್ತಾನೆ. 2011ರಲ್ಲಿ ಮೊದಲು ಹೊರಬಂದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಮ್’ ಎಂಬ ಪ್ರಸಿದ್ಧ ಆಟದಲ್ಲಿ ಜೂಲ್ ಎಂಬ ಕಲ್ಪಿತ ಮಹಾಗ್ರಹವಿದೆ. ಅದನ್ನು ಸುತ್ತುವ ಲೇಥ್ ಎಂಬ ಚಂದ್ರನಲ್ಲಿ ಗಾಳಿಯುಂಟು, ಆಮ್ಲಜನಕವುಂಟು. ಅಲ್ಲಲ್ಲಿ ಚದುರಿದ ದ್ವೀಪಗಳನ್ನು ಬಿಟ್ಟರೆ ಉಳಿದುದೆಲ್ಲ ಕಡಲು. ಅಲ್ಲಿಗೆ ಹೋಗುವುದು ಕಠಿನ. ಹೋಗಿ ಇಳಿದಾಗ ಆಗುವ ಹರ್ಷ ದೊಡ್ಡದು. ಆದರೆ ಇಳಿದ ಮೇಲೆ ಎತ್ತ ನೋಡಿದರೂ ಒಂದೇ ಬಗೆಯ ನೀರು. ಅದರೊಳಗೆ ಹುಡುಕಿ ಕಾಣುವಂತಹುದು ಅತ್ಯಲ್ಪ. ಇಂತಹ ಲೋಕವನ್ನು ಇನ್ನಷ್ಟು ಸ್ವಾರಸ್ಯವಾಗಿ ಮಾಡುವುದು ಹೇಗೆ? ಇದು ಆಟ ರಚಿಸುವವರ ಮುಂದಿರುವ ಪ್ರಶ್ನೆ.

ಇದಕ್ಕೆ ಎರಡು ಸಿದ್ಧ ಉತ್ತರಗಳುಂಟು. ಮೊದಲನೆಯದು, ಕಡಲ ತಳದಲ್ಲಿ ಅಮೂಲ್ಯ ಖನಿಜಗಳನ್ನು ಹೂಳಿಟ್ಟು ಆಟಗಾರನಿಂದ ಅಗೆಸುವುದು. ಎರಡನೆಯದು, ನೀರಿನಲ್ಲಿ ಘೋರ ಜಂತುಗಳನ್ನು ಬಿಟ್ಟು ಆಟಗಾರನ ಕೈಗೆ ಆಯುಧ ಕೊಡುವುದು. 2023ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ‘ಬ್ಯಾರೊಟ್ರಾಮಾ’ ಎಂಬ ಆಟವು ಗುರುಗ್ರಹದ ನಿಜವಾದ ಉಪಗ್ರಹವಾದ ಯೂರೋಪಾದ ಹಿಮದ ಕೆಳಗಿನ ಕಡಲಲ್ಲೇ ನಡೆಯುತ್ತದೆ. ಅಲ್ಲಿ ಜಲಾಂತರ್ಗಾಮಿಯ ಸಿಬ್ಬಂದಿಯು ಒಗ್ಗಟ್ಟಿನಿಂದ ದುಡಿಯಬೇಕಾದುದು ಮೆಚ್ಚತಕ್ಕ ಅಂಶವೇ ಸರಿ. ಆದರೆ ಎದುರಾಗುವ ಜಂತುಗಳು ಬಹುಮಟ್ಟಿಗೆ ಕೊಲ್ಲಬೇಕಾದ ಶತ್ರುಗಳಾಗಿಯೇ ಬರುತ್ತವೆ.

ಈ ಎರಡು ಉತ್ತರಗಳಲ್ಲಿಯೂ ಒಂದೇ ಎಣಿಕೆ ಅಡಗಿದೆ. ಒಂದು ಲೋಕವು ದೋಚುವುದಕ್ಕೋ ಜಯಿಸುವುದಕ್ಕೋ ಒದಗಿದರೆ ಮಾತ್ರ ಸ್ವಾರಸ್ಯ. ಇಲ್ಲದಿದ್ದರೆ ಅದು ಬರಿದು. ಅಂಗಡಿಯ ಸರಕಿನ ವಿಷಯದಲ್ಲಿ ಇಂತಹ ಎಣಿಕೆ ಸಲ್ಲುತ್ತದೆ. ಗಿರಾಕಿಯಿಲ್ಲದ ಸರಕಿಗೆ ಬೆಲೆಯಿಲ್ಲವೆಂಬುದು ವ್ಯಾಪಾರದ ಸತ್ಯ. ಆದರೆ ಜೀವಕ್ಕೂ ಜೀವದ ನೆಲೆಗೂ ಇದೇ ತಕ್ಕಡಿಯನ್ನು ಹಿಡಿಯಬಹುದೇ? ಯಾರೂ ಕಾಣದ ಆಳದಲ್ಲಿ ಒಂದು ಅಣುಜೀವಿ ಬಾಳುತ್ತಿದ್ದರೆ, ಅದರ ಬಾಳಿಗೆ ನೋಡುವವನ ಆಸಕ್ತಿಯೇ ಆಧಾರವೇ?

ಇಲ್ಲಿ ಒಂದು ಆಕ್ಷೇಪ ಸಹಜ. ತೆರೆಯ ಮೇಲಿನ ಜಂತು ಬರಿಯ ಚಿತ್ರ. ಅದನ್ನು ಕೊಂದರೆ ಯಾವ ಜೀವವೂ ಸಾಯುವುದಿಲ್ಲ. ಹೀಗಿರುವಲ್ಲಿ ಹಿಂಸೆ ಎಲ್ಲಿಯದು? ಆಕ್ಷೇಪದ ಮೊದಲ ಭಾಗವನ್ನು ಒಪ್ಪಲೇಬೇಕು. ಚಿತ್ರಕ್ಕೆ ನೋವಿಲ್ಲ. ಆಟದಲ್ಲಿ ಬಾಣ ಬಿಟ್ಟ ಬಾಲಕನೆಲ್ಲ ಕ್ರೂರಿಯಾಗುತ್ತಾನೆಂದು ಹೇಳುವುದೂ ಅತಿಶಯೋಕ್ತಿಯಾದೀತು. ಆದರೆ ಕನ್ನಡ ನಾಡಿನ ಶ್ರಾವಕರಿಗೆ ಈ ಪ್ರಶ್ನೆ ಹೊಸದಲ್ಲ. 1209ರಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯ ತಿರುಳೇ ಇದು. ಅದರಲ್ಲಿ ಬಲಿಯಾದುದು ಹಿಟ್ಟಿನ ಕೋಳಿ. ತಾಯಿಯ ಒತ್ತಾಯಕ್ಕೆ ಮಣಿದ ಅರಸನು ನಿಜವಾದ ಪ್ರಾಣಿಯನ್ನು ಕೊಲ್ಲಲೊಲ್ಲದೆ ಅದನ್ನು ಆರಿಸಿಕೊಂಡನು; ಆದರೂ ಆ ಸಂಕಲ್ಪವು ತಾಯಿಮಗನನ್ನು ಜನ್ಮಜನ್ಮಾಂತರಗಳಲ್ಲಿ ಬೆನ್ನಟ್ಟಿತು. ಹಿಟ್ಟಿಗೆ ನೋವಾಯಿತೆಂದು ಆ ಕಥೆ ಹೇಳುವುದಿಲ್ಲ. ಕತ್ತಿ ಎತ್ತಿದ ಮನಸ್ಸಿಗೆ ಏನಾಯಿತೆಂದು ಕೇಳುತ್ತದೆ. ತೆರೆಯ ಮೇಲಿನ ಆಟವನ್ನು ಕುರಿತು ಕೇಳತಕ್ಕ ಪ್ರಶ್ನೆಯೂ ಇಷ್ಟೇ.

ಹಾಗಾದರೆ ಕಡಲ ಚಂದ್ರನಿಗೆ ಸ್ವಾರಸ್ಯವನ್ನು ಎಲ್ಲಿಂದ ತರಬೇಕು? ನಿಜವಾದ ಕಡಲ ಚಂದ್ರಗಳನ್ನು ನೋಡಿದರೆ ಉತ್ತರ ದೊರೆಯುತ್ತದೆ. 1610ರಲ್ಲಿ ಗೆಲಿಲಿಯೊ ಕಂಡ ಯೂರೋಪಾ ನಮ್ಮ ಚಂದ್ರನಿಗಿಂತ ಸ್ವಲ್ಪ ಚಿಕ್ಕದು. ಅದರ ಮೇಲ್ಮೈ ಗಡ್ಡೆಗಟ್ಟಿದ ಹಿಮ. ಕೆಳಗೆ ಭೂಮಿಯ ಸಾಗರಗಳೆಲ್ಲ ಕೂಡಿದರೂ ಅದರ ಅರ್ಧದಷ್ಟಾಗುವ ನೀರಿದೆಯೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಸೂರ್ಯನಿಂದ ಅಷ್ಟು ದೂರದಲ್ಲಿ ಆ ನೀರು ಹೆಪ್ಪುಗಟ್ಟದೆ ಉಳಿದುದು ಹೇಗೆ? ಯೂರೋಪಾ ಸುಮಾರು 3.5 ದಿನಗಳಿಗೊಮ್ಮೆ ಗುರುಗ್ರಹವನ್ನು ಸುತ್ತುತ್ತದೆ. ಅದರ ಪಥವು ಪೂರ್ಣ ವೃತ್ತವಲ್ಲದ ಕಾರಣ ಗುರುವಿನ ಸೆಳೆತವು ಒಮ್ಮೆ ಹೆಚ್ಚಿ ಒಮ್ಮೆ ತಗ್ಗುತ್ತದೆ. ಈ ಹಿಸುಕಾಟದಿಂದ ಒಡಲೊಳಗೆ ಶಾಖ ಹುಟ್ಟುತ್ತದೆ. ಶನಿಯ ಉಪಗ್ರಹವಾದ ಎನ್ಸೆಲಾಡಸ್‌ನ ಅಡ್ಡಳತೆ ಸುಮಾರು 500 ಕಿಲೋಮೀಟರ್ ಮಾತ್ರ. ಅದರ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಾವಿಯೂ ಹಿಮಕಣಗಳೂ ಚಿಮ್ಮುತ್ತಿರುವುದನ್ನು ಕ್ಯಾಸಿನಿ ನೌಕೆಯು 2005ರಲ್ಲಿ ಕಂಡಿತು.

ಬೆಳಕಿಲ್ಲದ ನೀರಿನಲ್ಲಿ ಜೀವ ಸಾಧ್ಯವೇ ಎಂಬ ಸಂದೇಹಕ್ಕೆ ನಮ್ಮ ಭೂಮಿಯೇ ಉತ್ತರ ಕೊಟ್ಟಿದೆ. 1977ರಲ್ಲಿ ಗ್ಯಾಲಪಗೋಸ್ ದ್ವೀಪಗಳ ಬಳಿ, ಸುಮಾರು 2,500 ಮೀಟರ್ ಆಳದಲ್ಲಿ, ಕಡಲ ತಳದಿಂದ ಬಿಸಿನೀರು ಉಕ್ಕುವ ಬಿರುಕುಗಳ ಸುತ್ತ ಜೀವಸಮೂಹಗಳು ಕಂಡುಬಂದವು. ಸೂರ್ಯನ ಬೆಳಕಿನ ಬದಲು ನೀರಿನೊಳಗಿನ ರಾಸಾಯನಿಕಗಳಿಂದ ಶಕ್ತಿ ಪಡೆಯುವ ಅಣುಜೀವಿಗಳೇ ಅಲ್ಲಿಯ ಬಾಳಿಗೆ ಆಧಾರ. ಯೂರೋಪಾದಲ್ಲಿ ಜೀವವಿದೆಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಇರಲಾರದೆಂದು ಹೇಳುವ ಅಧಿಕಾರ ಮಾತ್ರ ನಮಗೆ ಉಳಿಯುವುದಿಲ್ಲ.

ಈ ಅನಿಶ್ಚಯದ ಮುಂದೆ ವಿಜ್ಞಾನಿಗಳು ನಡೆದುಕೊಂಡ ರೀತಿಯು ಯಾವ ಆಟದ ಕಥೆಗಿಂತಲೂ ರೋಚಕವಾಗಿದೆ. ಗೆಲಿಲಿಯೊ ಎಂಬ ಹೆಸರಿನ ನೌಕೆಯು 1995ರಿಂದ ಗುರುವನ್ನು ಸುತ್ತುತ್ತ ಯೂರೋಪಾದ ಕಡಲಿನ ಕುರುಹುಗಳನ್ನು ಕಂಡುಹಿಡಿಯಿತು. ಅದರ ಇಂಧನವು ಮುಗಿಯುತ್ತ ಬಂದಾಗ, ಹತೋಟಿ ತಪ್ಪಿ ಅದು ಎಂದಾದರೂ ಯೂರೋಪಾದ ಮೇಲೆ ಬಿದ್ದು, ತನ್ನೊಡನೆ ಬಂದಿರಬಹುದಾದ ಭೂಮಿಯ ಅಣುಜೀವಿಗಳನ್ನು ಅಲ್ಲಿ ಬಿತ್ತಬಹುದೆಂಬ ಶಂಕೆ ಉಂಟಾಯಿತು. ಆದುದರಿಂದ 2003ರ ಸೆಪ್ಟೆಂಬರ್ 21ರಂದು ಅದನ್ನು ಗುರುಗ್ರಹದ ವಾಯುಮಂಡಲಕ್ಕೆ ಇಳಿಸಿ ನಾಶಗೊಳಿಸಲಾಯಿತು. 13 ವರ್ಷಕಾಲ ಶನಿಯನ್ನು ಸುತ್ತಿದ ಕ್ಯಾಸಿನಿಗೂ 2017ರ ಸೆಪ್ಟೆಂಬರ್ 15ರಂದು ಇಂತಹುದೇ ಅಂತ್ಯವನ್ನು ವಿಧಿಸಲಾಯಿತು. ಇರುವುದೋ ಇಲ್ಲವೋ ತಿಳಿಯದ ಜೀವಗಳಿಗಾಗಿ, ಅಪಾರ ಧನವನ್ನೂ ಶ್ರಮವನ್ನೂ ತಿಂದ ಯಂತ್ರಗಳನ್ನು ಬಿಟ್ಟುಕೊಟ್ಟರು. ಅನ್ಯಲೋಕಗಳನ್ನು ಕಲುಷಿತಗೊಳಿಸಬಾರದೆಂಬ ತತ್ತ್ವವು 1967ರ ಬಾಹ್ಯಾಕಾಶ ಒಪ್ಪಂದದಲ್ಲಿಯೇ ಸೇರಿದೆ. ಯೂರೋಪಾಕ್ಕೆ ಸಂಬಂಧಿಸಿದ ಅಂತಾರಾಷ್ಟ್ರೀಯ ಮಾರ್ಗಸೂಚಿಯು, ಒಂದು ಯಾತ್ರೆಯಿಂದ ಭೂಮಿಯ ಜೀವಾಣುವೊಂದು ಆ ಕಡಲನ್ನು ಸೇರುವ ಸಂಭವವು 10,000ದಲ್ಲಿ ಒಂದಕ್ಕಿಂತ ಕಡಮೆಯಿರಬೇಕೆಂದು ವಿಧಿಸುತ್ತದೆ.

ಆಟ ರಚಿಸುವವರು ಈ ನಿಯಮವನ್ನೇ ಆಟದೊಳಗೆ ತಂದರೆ ಹೇಗಿರುತ್ತದೆಂದು ಊಹಿಸಬಹುದು. ಆಟಗಾರನ ಮುಂದೆ ಇಂಧನದ ಲೆಕ್ಕದ ಪಕ್ಕದಲ್ಲಿ 10,000ದಲ್ಲಿ ಒಂದರ ಲೆಕ್ಕವೂ ಇರಲಿ. ನೌಕೆಯನ್ನು ಶುದ್ಧಗೊಳಿಸಲು ಕಾಲವೂ ಹಣವೂ ಬೇಕು. ಅವಸರ ಮಾಡಿದರೆ ಸಂಭವದ ಅಂಕ ಏರುತ್ತದೆ. ಕಡೆಗೆ ಇಂಧನ ತೀರುವ ಹೊತ್ತಿಗೆ ಎರಡು ದಾರಿಗಳು: ಕಡಲಲ್ಲಿಳಿದು ಇನ್ನಷ್ಟು ಕಂಡು ಕೀರ್ತಿ ಪಡೆಯುವುದು, ಇಲ್ಲವೆ ಉಳಿದ ಇಂಧನವನ್ನು ಸುರಿದು ನೌಕೆಯನ್ನು ಮಹಾಗ್ರಹಕ್ಕೆ ಒಪ್ಪಿಸುವುದು. ತಾನೇ ಕಟ್ಟಿದ ನೌಕೆಯನ್ನು ಹೀಗೆ ಒಪ್ಪಿಸುವ ಕೈ ನಡುಗುತ್ತದೆ. ಆ ನಡುಕದಲ್ಲಿ ಸ್ವಾರಸ್ಯವಿಲ್ಲವೆಂದು ಯಾರು ಹೇಳಬಲ್ಲರು?

ಒಂದೇ ಬಗೆಯ ನೀರೆಂಬ ದೂರಿಗೂ ಪ್ರಕೃತಿಯಲ್ಲಿಯೇ ಪರಿಹಾರವಿದೆ. ಯೂರೋಪಾ ಸದಾ ಒಂದೇ ಮುಖವನ್ನು ಗುರುವಿನತ್ತ ತಿರುಗಿಸಿರುವುದರಿಂದ, ಅದರ ಒಂದು ಪಾರ್ಶ್ವದ ಆಕಾಶದಲ್ಲಿ ಗುರುಗ್ರಹವು ನಮ್ಮ ಚಂದ್ರಬಿಂಬಕ್ಕಿಂತ 20 ಪಟ್ಟಿಗೂ ಮಿಗಿಲಾದ ಅಗಲದಿಂದ ಬಹುತೇಕ ಕದಲದೆ ನಿಂತಿರುತ್ತದೆ; ಇನ್ನೊಂದು ಪಾರ್ಶ್ವದಲ್ಲಿ ಅದು ಕಾಣುವುದೇ ಇಲ್ಲ. ನೀರಿನಲ್ಲಿ ಶಬ್ದವು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಿಂದ ಹರಿಯುತ್ತದೆ. ಆದುದರಿಂದ ಕತ್ತಲ ಕಡಲಲ್ಲಿ ಆಟಗಾರನು ನೋಡುವುದಕ್ಕಿಂತ ಹೆಚ್ಚಾಗಿ ಆಲಿಸಿ ತಿಳಿಯಬೇಕಾಗುತ್ತದೆ. ದೀಪ ಹಚ್ಚುವುದೂ ಆಲೋಚಿಸಿ ಮಾಡತಕ್ಕ ಕಾರ್ಯವಾಗಲಿ. ಅಟ್ಲಾಂಟಿಕ್ ಸಾಗರದ ಬಿಸಿನೀರಿನ ಬಿರುಕುಗಳಲ್ಲಿ ಬಾಳುವ ಸಿಗಡಿಗಳ ಕಣ್ಣಿನಂತಹ ಅಂಗಗಳಿಗೆ ಸಂಶೋಧನಾ ನೌಕೆಗಳ ಪ್ರಖರ ದೀಪಗಳಿಂದ ಹಾನಿಯಾಗಿರಬಹುದೆಂದು 1999ರಲ್ಲಿ ವಿಜ್ಞಾನಿಗಳೇ ಎಚ್ಚರಿಸಿದರು. ದ್ವೇಷವಿಲ್ಲದೆ, ಕೇವಲ ನೋಡುವ ಆಸೆಯಿಂದಲೂ ಹಿಂಸೆ ನಡೆದುಹೋಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಕ್ಕುವುದು ಕಷ್ಟ. ಪ್ರಮಾದವೆಂಬ ಮಾತಿನ ಅರ್ಥವೂ ಇದೇ.

ಸಂಯಮದ ಆಟವನ್ನು ಕೊಳ್ಳುವವರಾರು ಎಂದು ವ್ಯವಹಾರಜ್ಞರು ಕೇಳಬಹುದು. ಇದಕ್ಕೂ ನಿದರ್ಶನವುಂಟು. 2018ರಲ್ಲಿ ಪೂರ್ಣಗೊಂಡು ಬಿಡುಗಡೆಯಾದ ‘ಸಬ್‌ನಾಟಿಕಾ’ ಎಂಬ ಆಟವು ಒಂದು ಅನ್ಯಗ್ರಹದ ಕಡಲಲ್ಲಿ ನಡೆಯುತ್ತದೆ. 2012ರಲ್ಲಿ ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ನಡೆದ ಮಕ್ಕಳ ಹತ್ಯೆಯಿಂದ ಮನನೊಂದ ಅದರ ನಿರ್ದೇಶಕ ಚಾರ್ಲಿ ಕ್ಲೀವ್‌ಲ್ಯಾಂಡ್ ಅವರು ತಮ್ಮ ಆಟದಲ್ಲಿ ಬಂದೂಕು ಇರಬಾರದೆಂದು ನಿಶ್ಚಯಿಸಿದರು. ಮಹಾಜಂತುಗಳು ಎದುರಾದಾಗ ಆಟಗಾರನು ಬಹುಮಟ್ಟಿಗೆ ಅವುಗಳ ದಾರಿಯಿಂದ ಸರಿಯಬೇಕು, ಅವುಗಳ ನಡವಳಿಕೆಯನ್ನು ಅರಿಯಬೇಕು. ಆ ಆಟವು ಜಗತ್ತಿನಾದ್ಯಂತ ಜನಪ್ರಿಯವಾಯಿತು. ಅದು ಪೂರ್ಣ ಅಹಿಂಸೆಯ ಆಟವಲ್ಲ. ಅಲ್ಲಿಯ ಆಟಗಾರನ ಕೈಯಲ್ಲಿ ಚೂರಿಯುಂಟು, ಹಸಿವಾದರೆ ಅವನು ಮೀನು ಹಿಡಿದು ತಿನ್ನುತ್ತಾನೆ. ಆದರೂ ಆಯುಧವನ್ನು ತಗ್ಗಿಸಿದರೆ ಸ್ವಾರಸ್ಯ ತಗ್ಗಬೇಕಾಗಿಲ್ಲವೆಂಬುದಕ್ಕೆ ಅಷ್ಟು ಪ್ರಮಾಣ ಸಾಕು.

ಇನ್ನೊಂದು ಪ್ರಶ್ನೆ ಸುಲಭವಾಗಿ ತೀರುವಂತಹುದಲ್ಲ. ಮುಟ್ಟದೆ ಇದ್ದರೆ ಅರಿವು ಹೇಗೆ? ಜೀವವಿರುವುದು ತಿಳಿಯದಿದ್ದರೆ ಅದರ ರಕ್ಷಣೆ ಹೇಗೆ? 2024ರ ಅಕ್ಟೋಬರ್ 14ರಂದು ಹೊರಟ ಯೂರೋಪಾ ಕ್ಲಿಪ್ಪರ್ ನೌಕೆಯು 2030ರಲ್ಲಿ ಗುರುವನ್ನು ಸೇರಿ, ಯೂರೋಪಾದ ಮೇಲೆ ಇಳಿಯದೆ ಅದರ ಸಮೀಪದಲ್ಲಿ 49 ಬಾರಿ ಹಾದುಹೋಗುವಂತೆ ಯೋಜಿಸಲಾಗಿದೆ. ಸದ್ಯಕ್ಕೆ ಇದು ಮಧ್ಯಮ ಮಾರ್ಗ. ಮುಂದೊಂದು ದಿನ ಹಿಮವನ್ನು ಕೊರೆಯಬೇಕೇ ಬೇಡವೇ ಎಂದು ನಿರ್ಧರಿಸಬೇಕಾದವರು ಇಂದು ಮನೆಗಳಲ್ಲಿ ಕುಳಿತು ಆಡುತ್ತಿರುವ ಮಕ್ಕಳೇ. ಕಂಡುದನ್ನೆಲ್ಲ ಅಗೆಯುವ ಆಟವನ್ನಾಡಿದ ಮನಸ್ಸಿಗೂ, ಬಿಟ್ಟುಕೊಡುವ ಆಟವನ್ನಾಡಿದ ಮನಸ್ಸಿಗೂ ಆ ದಿನ ಒಂದೇ ಉತ್ತರ ಹೊಳೆಯಲಾರದು.

ಆದಕಾರಣ ತಂದೆತಾಯಿಗಳು ಆಟವನ್ನು ನಿಷೇಧಿಸುವ ಮೊದಲು ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಲಿ. ರಜೆಯಲ್ಲಿ ಮಕ್ಕಳ ಶಿಬಿರ ನಡೆಸುವ ಬಸದಿಗಳ ಆಡಳಿತ ಮಂಡಳಿಗಳು ಅಣುವ್ರತಗಳ ಪಾಠದ ಜೊತೆಯಲ್ಲಿ ಗೆಲಿಲಿಯೊ ನೌಕೆಯ ಕಥೆಯನ್ನೂ ಹೇಳಿಸಲಿ. “ಅಲ್ಲಿ ಏನು ಸಿಕ್ಕಿತು?” ಎಂದು ಮಗುವನ್ನು ಕೇಳುವುದು ಎಲ್ಲರಿಗೂ ಬರುತ್ತದೆ. “ಅಲ್ಲಿ ಏನನ್ನು ಮುಟ್ಟದೆ ಬಂದೆ?” ಎಂದೂ ಒಮ್ಮೆ ಕೇಳುವುದು ಹಿತ.