ಹೊರಟವರಿಗೆ ನಾವು ಕೊಡಬೇಕಾದ ಮಾತು

ಸಂಜೆಯ ಹೊತ್ತು ಮನೆಮಂದಿಯೆಲ್ಲ ದೂರದರ್ಶನದ ಮುಂದೆ ಕೂರುವ ವಾಡಿಕೆ ನಿಮ್ಮ ಮನೆಯಲ್ಲಿಯೂ ಇದ್ದೀತು. ವರ್ಷಗಟ್ಟಲೆ ನಡೆಯುವ ಧಾರಾವಾಹಿಯ ಪಾತ್ರಗಳು ಕ್ರಮೇಣ ನಮಗೆ ನೆಂಟರಂತೆ ಆಗಿಬಿಡುತ್ತವೆ. ಅವರ ಮನೆಯ ಮದುವೆಗೆ ನಾವು ಸಂತೋಷಪಡುತ್ತೇವೆ. ಅವರ ಕಷ್ಟಕ್ಕೆ ನಿಟ್ಟುಸಿರು ಬಿಡುತ್ತೇವೆ. ಹೀಗಿರುವಾಗ ಒಂದು ದಿನ ಆ ಪಾತ್ರಗಳಲ್ಲೊಂದು ಕಾಣೆಯಾಗುತ್ತದೆ. ನಟನಿಗೆ ಬೇರೆ ಅವಕಾಶ ದೊರೆತಿತೋ, ಮನಸ್ತಾಪವಾಯಿತೋ, ಕಾಯಿಲೆ ಬಂದಿತೋ ನಮಗೆ ತಿಳಿಯದು. ಕೆಲವೊಮ್ಮೆ ಅದೇ ಪಾತ್ರದಲ್ಲಿ ಬೇರೊಬ್ಬರು ಬಂದು ನಿಲ್ಲುತ್ತಾರೆ. ಕೆಲವೊಮ್ಮೆ ಆತ ಅಮೆರಿಕಕ್ಕೆ ಹೋದನೆಂದು ಯಾರೋ ಒಂದು ಮಾತು ಆಡುತ್ತಾರೆ. ಮತ್ತೆ ಕೆಲವೊಮ್ಮೆ ಅದೂ ಇಲ್ಲ. ಆತ ಹುಟ್ಟೇ ಇರಲಿಲ್ಲವೆಂಬಂತೆ ಕಥೆ ಮುಂದೆ ಸಾಗುತ್ತದೆ.

ಹಲವು ವರ್ಷಗಳ ಹಿಂದೆ ತಗಡೂರಿನ ನಮ್ಮ ಮನೆಯಲ್ಲಿ ಇಂತಹುದೇ ಒಂದು ಸಂಜೆ ನನ್ನ ಅಜ್ಜಿ ಕೇಳಿದ ಪ್ರಶ್ನೆ ಇಂದಿಗೂ ನನ್ನನ್ನು ಕಾಡುತ್ತಿದೆ. "ಆ ಹುಡ್ಗ ಏನಾದ್ನಪ್ಪ? ಎಲ್ಗೋ ಹೋದ್ನಾ, ಇಲ್ಲ ಸತ್ತೋದ್ನಾ? ಯಾರೂ ಒಂದ್ ಮಾತ್ನೂ ಹೇಳ್ನಿಲ್ವಲ್ಲ" ಎಂದು ಅವರು ಕೇಳಿದರು. ನಾವೆಲ್ಲ ನಕ್ಕೆವು. "ಅದು ಬರೀ ಕಥೆ ಕಣವ್ವ" ಎಂದು ನನ್ನ ತಂದೆ ಹೇಳಿದರು. ಅಜ್ಜಿ ನಗಲಿಲ್ಲ. ಅವರು ಏಕೆ ನಗಲಿಲ್ಲ ಎಂಬುದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಕಥೆಯಿಂದ ಹೊರಟುಹೋಗುವವನಿಗೆ ಒಂದು ತಕ್ಕ ಮುಕ್ತಾಯವನ್ನು ಕೊಡುವುದು ಕಥೆ ಹೇಳುವವನ ಕರ್ತವ್ಯವೇ? ಅದು ಕೇವಲ ಕಲೆಯ ಪ್ರಶ್ನೆಯೋ ಅಥವಾ ನೀತಿಯ ಪ್ರಶ್ನೆಯೋ? ನನ್ನ ಮಟ್ಟಿಗೆ ಅದು ನೀತಿಯ ಪ್ರಶ್ನೆಯೇ ಆಗಿದೆ. ಏಕೆಂದರೆ ನಮ್ಮ ನಡುವಿನಿಂದ ಹೊರಟುಹೋಗುವ ಮನುಷ್ಯರನ್ನು ನಾವು ಹೇಗೆ ಕಳುಹಿಸಿಕೊಡುತ್ತೇವೆಯೋ, ನಮ್ಮ ಕಥೆಗಳೂ ಹಾಗೆಯೇ ಕಳುಹಿಸಿಕೊಡುತ್ತವೆ.

ಅಮೆರಿಕದಲ್ಲಿ 1987ರಲ್ಲಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ ಆರಂಭವಾಯಿತು. ಆಕಾಶನೌಕೆಯೊಂದರ ಸಿಬ್ಬಂದಿಯ ಕಥೆಯದು. ನೌಕೆಯ ರಕ್ಷಣೆಯ ಹೊಣೆ ಹೊತ್ತ ತಾಶಾ ಯಾರ್ ಎಂಬ ಪಾತ್ರವನ್ನು ವಹಿಸಿದ್ದ ನಟಿ ಡೆನಿಸ್ ಕ್ರಾಸ್ಬಿ ಮೊದಲ ವರ್ಷದಲ್ಲಿಯೇ ಧಾರಾವಾಹಿಯನ್ನು ಬಿಡಲು ಬಯಸಿದರು. 1988ರ ಒಂದು ಕಂತಿನಲ್ಲಿ ಕ್ರೂರ ಜೀವಿಯೊಂದು ಯಾವ ಕಾರಣವೂ ಇಲ್ಲದೆ ತಾಶಾಳನ್ನು ಕ್ಷಣಮಾತ್ರದಲ್ಲಿ ಕೊಂದುಹಾಕುತ್ತದೆ. ನೋಡುಗರಲ್ಲಿ ಅನೇಕರಿಗೆ ಇದು ಅನ್ಯಾಯವೆಂದು ತೋರಿತು. 1990ರಲ್ಲಿ ಕಥೆಗಾರರು ಇನ್ನೊಂದು ಕಂತಿನಲ್ಲಿ ಕಾಲದ ಹರಿವನ್ನೇ ಬದಲಿಸಿ ಆಕೆಯನ್ನು ಮರಳಿ ತಂದರು. ತನ್ನ ಮರಣ ಅರ್ಥಹೀನವಾಗಿತ್ತೆಂದು ತಿಳಿದ ತಾಶಾ, ಅನೇಕರ ಪ್ರಾಣ ಉಳಿಯಲೆಂದು ಅಪಾಯಕರ ಯುದ್ಧವೊಂದಕ್ಕೆ ತಾನಾಗಿಯೇ ಹೋಗುತ್ತಾಳೆ.

ಎರಡನೆಯ ಮರಣವೇ ಆಕೆಗೆ ದೊರೆತ ನಿಜವಾದ ಬೀಳ್ಕೊಡುಗೆ ಎಂದು ಹಲವರು ಭಾವಿಸುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. 1988ರ ಆ ಕಂತಿನ ಕೊನೆಯಲ್ಲಿಯೇ ಒಂದು ದೃಶ್ಯವಿದೆ. ತಾಶಾ ಮೊದಲೇ ಮುದ್ರಿಸಿಟ್ಟಿದ್ದ ಸಂದೇಶವನ್ನು ಗೆಳೆಯರೆಲ್ಲ ಸೇರಿ ನೋಡುತ್ತಾರೆ. ಒಬ್ಬೊಬ್ಬರನ್ನೂ ಉದ್ದೇಶಿಸಿ, ಅವರಿಂದ ತಾನು ಪಡೆದುದನ್ನು ಆಕೆ ನೆನೆಯುತ್ತಾಳೆ. ನಮ್ಮಲ್ಲಿ ಬಹುಮಂದಿಗೆ ವೀರಮರಣ ಒದಗುವುದಿಲ್ಲ. ಜ್ವರದಿಂದ, ಅಪಘಾತದಿಂದ, ಆಸ್ಪತ್ರೆಯ ಹಾಸಿಗೆಯಲ್ಲಿ ನಾವು ತೀರಿಹೋಗುತ್ತೇವೆ. ಮರಣಕ್ಕೆ ಅರ್ಥವಿಲ್ಲದ ಮಾತ್ರಕ್ಕೆ ಬದುಕಿಗೆ ಅರ್ಥವಿರಲಿಲ್ಲವೆಂದು ಹೇಳಲಾದೀತೆ? ಕೊಟ್ಟುದನ್ನೂ ಪಡೆದುದನ್ನೂ ಹೆಸರು ಹಿಡಿದು ಹೇಳುವುದೇ ಮುಕ್ತಾಯ. ಸಾವನ್ನು ಭವ್ಯಗೊಳಿಸುವ ಅಗತ್ಯವಿಲ್ಲ.

ಇದನ್ನು ನಾವು ಕನ್ನಡಿಗರು ಈಚೆಗೆ ಕಣ್ಣಾರೆ ಕಂಡಿದ್ದೇವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ‘ಜೇಮ್ಸ್’ ಚಲನಚಿತ್ರದಲ್ಲಿ ಅವರ ಮಾತುಗಳ ಧ್ವನಿಮುದ್ರಣ ಇನ್ನೂ ಉಳಿದಿತ್ತು. ಅಣ್ಣ ಶಿವರಾಜ್‌ಕುಮಾರ್ ತಮ್ಮನ ಪಾತ್ರಕ್ಕೆ ತಮ್ಮ ಧ್ವನಿಯನ್ನು ಕೊಟ್ಟರು. 2022ರ ಮಾರ್ಚ್ 17ರಂದು, ಪುನೀತರ ಹುಟ್ಟಿದ ದಿನದಂದೇ, ಚಿತ್ರ ತೆರೆಕಂಡಿತು. ತೆರೆಯ ಮೇಲೆ ತಮ್ಮನ ತುಟಿಗಳು ಅಲುಗುತ್ತಿದ್ದವು. ಕೇಳಿಸುತ್ತಿದ್ದುದು ಅಣ್ಣನ ದನಿ. ಯಾರೂ ಮೋಸಹೋಗಲಿಲ್ಲ. ಆತ ಇಲ್ಲವೆಂಬುದನ್ನು ಆ ದನಿಯೇ ಸಾರುತ್ತಿತ್ತು; ಆತ ಆರಂಭಿಸಿದ ಕೆಲಸವನ್ನು ಅರ್ಧಕ್ಕೆ ಬಿಡಲಾರೆವು ಎಂಬುದನ್ನೂ ಸಾರುತ್ತಿತ್ತು. ಕೆಲವು ವಾರಗಳ ಬಳಿಕ ತಂತ್ರಜ್ಞಾನದ ನೆರವಿನಿಂದ ಪುನೀತರದೇ ಧ್ವನಿಯನ್ನು ಅಳವಡಿಸಿದ ಪ್ರತಿಯೂ ಬಂದಿತು. ಅದನ್ನು ಕೇಳಿ ಹಿಗ್ಗಿದವರನ್ನು ನಾನು ದೂರುವುದಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಉಳಿದುದು ಅಣ್ಣನ ದನಿಯೇ.

ಈ ವ್ಯತ್ಯಾಸವನ್ನು ನಾವು ಚಿಂತಿಸಬೇಕಾದ ಕಾಲ ಬಂದಿದೆ. ತೀರಿಹೋದವರ ಮುಖವನ್ನೂ ಮಾತನ್ನೂ ಯಂತ್ರಗಳು ಮರುಸೃಷ್ಟಿಸಬಲ್ಲವು. ಹೊರಟವರ ವಿಷಯದಲ್ಲಿ ನಾವು ಎರಡು ಬಗೆಯ ತಪ್ಪು ಮಾಡಬಹುದು. ಆತ ಇದ್ದನೆಂಬುದನ್ನೇ ಅಳಿಸಿಹಾಕುವುದು ಒಂದು. ಆತ ಹೋದನೆಂಬುದನ್ನು ಒಪ್ಪದೆ ಹಿಡಿದಿಟ್ಟುಕೊಳ್ಳುವುದು ಇನ್ನೊಂದು. ಮೊದಲನೆಯದರಲ್ಲಿ ಕೃತಜ್ಞತೆ ಇಲ್ಲ, ಎರಡನೆಯದರಲ್ಲಿ ಸತ್ಯವಿಲ್ಲ. ಬೀಳ್ಕೊಡುಗೆಗೆ ಎರಡೂ ಬೇಕು.

ಹಾಗಾದರೆ ಹೊರಟುಹೋದ ಕಾರಣವನ್ನೆಲ್ಲ ಬಿಚ್ಚಿ ಹೇಳಬೇಕೆ? ಸತ್ಯವೆಂದರೆ ಅದೇ ಅಲ್ಲವೆ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರವಾಗಿ ಇನ್ನೊಂದು ಧಾರಾವಾಹಿಯ ನಿಜಸಂಗತಿಯನ್ನು ನಿಮ್ಮ ಮುಂದೆ ಇಡಬಯಸುತ್ತೇನೆ.

‘ಬ್ಯಾಬಿಲಾನ್ 5’ ಎಂಬುದು 1994ರಿಂದ 1998ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ವೈಜ್ಞಾನಿಕ ಕಲ್ಪನೆಯ ಧಾರಾವಾಹಿ. ಅದರ ಸೃಷ್ಟಿಕರ್ತ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ. ಮೊದಲ ವರ್ಷದ ನಾಯಕನಾದ ಸಿಂಕ್ಲೇರ್ ಪಾತ್ರವನ್ನು ವಹಿಸಿದವರು ಮೈಕೆಲ್ ಒಹೇರ್. ವರ್ಷ ಮುಗಿಯುತ್ತಿದ್ದಂತೆ ನಾಯಕನೇ ಬದಲಾದ. ಏಕೆ ಎಂಬುದಕ್ಕೆ ನೋಡುಗರಿಗೆ ಸಮಾಧಾನಕರ ಉತ್ತರ ದೊರೆಯಲಿಲ್ಲ, ಊಹೆಗಳು ಹಬ್ಬಿದವು. ನಿಜವಾದ ಕಾರಣವೆಂದರೆ ಒಹೇರ್ ತೀವ್ರ ಮಾನಸಿಕ ಕಾಯಿಲೆಗೆ ಒಳಗಾಗಿದ್ದರು. ಚಿಕಿತ್ಸೆಗಾಗಿ ಚಿತ್ರೀಕರಣವನ್ನೇ ನಿಲ್ಲಿಸಲು ಸ್ಟ್ರಾಜಿನ್ಸ್ಕಿ ಮುಂದಾದರು. ಆದರೆ ತನ್ನಿಂದಾಗಿ ಇತರರ ಕೆಲಸ ಹೋಗಬಾರದೆಂದು ಒಹೇರ್ ಒಪ್ಪದೆ, ನರಳುತ್ತಲೇ ಆ ವರ್ಷವನ್ನು ಮುಗಿಸಿಕೊಟ್ಟರು.

ಚಿಕಿತ್ಸೆ ಪಡೆದ ಬಳಿಕ ಅವರು ಮತ್ತೊಮ್ಮೆ ಬಂದರು. 1996ರಲ್ಲಿ ಪ್ರಸಾರವಾದ ಎರಡು ಕಂತುಗಳಲ್ಲಿ ಸಿಂಕ್ಲೇರ್ ಸಾವಿರ ವರ್ಷ ಹಿಂದಿನ ಕಾಲಕ್ಕೆ ಪಯಣಿಸಿ, ಮಿನ್ಬಾರಿ ಎಂಬ ಜನಾಂಗ ತಲೆತಲಾಂತರದಿಂದ ಪೂಜ್ಯನೆಂದು ನೆನೆಯುತ್ತಿದ್ದ ವ್ಯಾಲೆನ್ ಎಂಬ ನಾಯಕನೇ ಆಗುತ್ತಾನೆ. ಮಧ್ಯದಲ್ಲಿ ಬಿಟ್ಟುಹೋದವನಂತೆ ಕಂಡಾತನೇ ಆ ಕಥೆಗೆ ತಳಹದಿ ಹಾಕಿದವನೆಂದು ನೋಡುಗರಿಗೆ ತಿಳಿಯಿತು. ಆದರೆ ನಟನ ಕಾಯಿಲೆಯ ವಿಷಯವನ್ನು ಸ್ಟ್ರಾಜಿನ್ಸ್ಕಿ ಬಾಯಿಬಿಡಲಿಲ್ಲ. ತಾನು ಸಾಯುವವರೆಗೂ ಗುಟ್ಟನ್ನು ಕಾಯುವೆನೆಂದು ಅವರು ಹೇಳಿದಾಗ, ‘ನಿನ್ನ ಸಾವಿನವರೆಗೆ ಬೇಡ, ನನ್ನ ಸಾವಿನವರೆಗೆ ಸಾಕು, ಆಮೇಲೆ ಜನರಿಗೆ ತಿಳಿಯಲಿ, ಇಂತಹ ನೋವಿನಲ್ಲಿರುವ ಯಾರಿಗಾದರೂ ನೆರವಾದೀತು’ ಎಂಬುದು ಒಹೇರ್ ಅವರ ಆಶಯವಾಗಿತ್ತು. ಒಹೇರ್ 2012ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. 2013ರಲ್ಲಿ ಸ್ಟ್ರಾಜಿನ್ಸ್ಕಿ ಎಲ್ಲವನ್ನೂ ಹೇಳಿದರು. ಅಲ್ಲಿಯವರೆಗೆ ಹದಿನೆಂಟು ವರ್ಷಗಳಿಗೂ ಹೆಚ್ಚು ಕಾಲ ಜನರ ಆಡಿಕೆಯನ್ನು ಅವರು ಮೌನವಾಗಿ ಸಹಿಸಿದ್ದರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಿ. ಹೊರಟವನಿಗೆ ಕಥೆಯೊಳಗೆ ಗೌರವದ ಸ್ಥಾನ ದೊರೆಯಿತು. ಅವನ ಗಾಯ ಮಾತ್ರ ಬಯಲಾಗಲಿಲ್ಲ. ಆತ ಏನು ಕೊಟ್ಟ ಎಂಬುದು ಎಲ್ಲರಿಗೂ ಸೇರಿದ್ದು; ಆತ ಏಕೆ ಹೋದ ಎಂಬುದು ಆತನಿಗೆ ಮಾತ್ರ ಸೇರಿದ್ದು. ಕುತೂಹಲ ತಣಿಸುವುದನ್ನೇ ಬೀಳ್ಕೊಡುಗೆ ಎಂದು ನಾವು ತಪ್ಪಾಗಿ ತಿಳಿದಿದ್ದೇವೆ.

ಈ ಮಾತು ನಮಗೆ ಹೊಸತೇನಲ್ಲ. ಸಂತ ಪೌಲ ಮತ್ತು ಬಾರ್ನಬರ ಪ್ರಯಾಣದ ನಡುವೆಯೇ ಯೊವಾನ್ನ ಮಾರ್ಕ ಎಂಬ ಯುವಕ ಅವರನ್ನು ಬಿಟ್ಟು ಜೆರುಸಲೇಮಿಗೆ ಹಿಂದಿರುಗಿದ ಸಂಗತಿ ಪ್ರೇಷಿತರ ಕಾರ್ಯಕಲಾಪಗಳಲ್ಲಿದೆ. ಮುಂದೆ ಅವನನ್ನು ಮತ್ತೆ ಕರೆದೊಯ್ಯಬೇಕೆ ಬೇಡವೆ ಎಂಬ ವಿಷಯದಲ್ಲಿ ಪೌಲ ಬಾರ್ನಬರೇ ಬೇರೆಯಾದರು. ಆದರೂ ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ ಅದೇ ಮಾರ್ಕನನ್ನು ಕರೆತರುವಂತೆ ಕೋರಿಕೆ ಇದೆ. ತನ್ನ ಸೇವೆಗೆ ಆತ ಉಪಯುಕ್ತನೆಂಬ ಮನ್ನಣೆಯೂ ಇದೆ. ಆತ ಅಂದು ಏಕೆ ಹೊರಟುಹೋದನೆಂಬುದು ಮಾತ್ರ ಎಲ್ಲಿಯೂ ಬರೆದಿಲ್ಲ.

ಈಗ ಅಜ್ಜಿಯ ಪ್ರಶ್ನೆಗೆ ಬರುತ್ತೇನೆ. ನನಗೊಬ್ಬ ಚಿಕ್ಕಪ್ಪ ಇದ್ದರು. ರೇಡಿಯೊ, ಟಿ.ವಿ.ಗಳ ರಿಪೇರಿ ಕಲಿತಿದ್ದರು. 1987ರಲ್ಲಿ ಭಾನುವಾರದ ‘ರಾಮಾಯಣ’ ಆರಂಭವಾದಾಗ ನಮ್ಮ ಬೀದಿಯಲ್ಲಿ ಇದ್ದುದು ಒಂದೇ ಟಿ.ವಿ. ಉದ್ದನೆಯ ಬಿದಿರಿಗೆ ಆಂಟೆನಾ ಕಟ್ಟಿ, ಮಾಡಿನ ಮೇಲೆ ನಿಲ್ಲಿಸಿ, ಚಿತ್ರ ಬಂದಿತೇ ಎಂದು ಕೂಗಿ ಕೇಳುತ್ತಿದ್ದವರು ಅವರೇ. ಕೆಲವು ವರ್ಷಗಳ ಬಳಿಕ ಅವರ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. ಒಬ್ಬರೇ ಮಾತನಾಡಿಕೊಳ್ಳುತ್ತಿದ್ದರು; ರಾತ್ರಿ ನಿದ್ರಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಮನೆ ಬಿಟ್ಟು ಹೋದರು. ಕೇಳಿದವರಿಗೆ ನಾವು ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೇಳಿದೆವು. ಆಮೇಲೆ ಯಾರೂ ಕೇಳಲಿಲ್ಲ. ನಾವೂ ಅವರ ಹೆಸರೆತ್ತಲಿಲ್ಲ. ಬಹಳ ದಿನಗಳ ಬಳಿಕ ದೂರದ ಊರಿನಲ್ಲಿ ತೀರಿಕೊಂಡ ಸುದ್ದಿ ಬಂದಿತು. ತಂದೆಯವರೂ ಮಾವನೂ ಹೋಗಿ ಅಲ್ಲಿಯೇ ಮಣ್ಣು ಮಾಡಿ ಬಂದರು. ಗೋಡೆಯ ಮೇಲೆ ಒಂದು ಫೋಟೊ ಕೂಡ ಏರಲಿಲ್ಲ.

ಧಾರಾವಾಹಿಯ ಕಥೆಗಾರ ಮಾಡಿದ್ದನ್ನೇ ನಾವೂ ಮಾಡಿದ್ದೆವು. ಒಬ್ಬನನ್ನು ಕಥೆಯಿಂದ ತೆಗೆದುಹಾಕಿ ಮುಂದೆ ನಡೆದಿದ್ದೆವು. ಮನೆತನದ ಮಾನ ಕಾಯಲೆಂದು ನಾವು ಮೌನವಾಗಿದ್ದೆವು. ಸ್ಟ್ರಾಜಿನ್ಸ್ಕಿ ಮುಚ್ಚಿಟ್ಟುದು ಕಾಯಿಲೆಯನ್ನು. ನಾವು ಮುಚ್ಚಿಟ್ಟುದು ಮನುಷ್ಯನನ್ನು. ಅಜ್ಜಿ ಅಂದು ಕೇಳಿದ್ದು ತೆರೆಯ ಮೇಲಿನ ಹುಡುಗನನ್ನು ಕುರಿತೇ ಇರಬಹುದು. ಆದರೆ ನಗಲಾರದೆ ಹೋದದ್ದು ತಮ್ಮ ಮಗನ ನೆನಪಿನಿಂದ.

ಬದುಕಿನಲ್ಲಿ ಎಲ್ಲವೂ ಮುಗಿಯುವುದಿಲ್ಲ, ಕಥೆಯಂತೆ ಅಚ್ಚುಕಟ್ಟಾದ ಮುಕ್ತಾಯವನ್ನು ಬಯಸುವುದೇ ತಪ್ಪು ಎಂದು ಕೆಲವರು ಹೇಳಬಹುದು. ಆ ಮಾತಿನಲ್ಲಿ ಸತ್ಯವಿದೆ. ಚಿಕ್ಕಪ್ಪನ ಕೊನೆಯ ವರ್ಷಗಳು ಹೇಗೆ ಕಳೆದವೆಂದು ನಮಗೆ ತಿಳಿಯದು. ಇನ್ನು ತಿಳಿಯುವುದೂ ಇಲ್ಲ. ಆದರೆ ಮುಕ್ತಾಯವೆಂದರೆ ಎಲ್ಲ ಪ್ರಶ್ನೆಗಳಿಗೂ ಉತ್ತರ ಎಂದಲ್ಲ. ನಮ್ಮ ತಗಡೂರು ಸ್ವಾತಂತ್ರ್ಯ ಹೋರಾಟಗಾರ ತಗಡೂರು ರಾಮಚಂದ್ರರಾಯರ ಊರು. ಖಾದಿಯ ಹೆಸರು ಪಡೆದ ಊರು. ಮಗ್ಗದ ಕೆಲಸ ಬಲ್ಲವರಿಗೆ ಇದು ಗೊತ್ತು: ಹಳೆಯ ಹಾಸು ಮುಗಿಯುತ್ತ ಬಂದಾಗ ಅದರ ಕೊನೆಯ ಎಳೆಗಳನ್ನು ಕಿತ್ತೆಸೆಯುವುದಿಲ್ಲ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಸೇರಿಸುತ್ತಾರೆ. ಹಳೆಯ ಬಟ್ಟೆ ಮುಗಿದದ್ದು ನಿಜ; ಹೊಸ ಬಟ್ಟೆ ಆರಂಭವಾಗುವುದು ಅದರ ತುದಿಯಿಂದಲೇ ಎಂಬುದೂ ನಿಜ. ಹೊರಟವರ ಕೊನೆಯ ಎಳೆಯನ್ನು ಹುಡುಕಿ ನಮ್ಮ ಬದುಕಿಗೆ ಗಂಟು ಹಾಕಿಕೊಂಡರೆ ಸಾಕು.

ಆದುದರಿಂದ, ಪ್ರಿಯ ಓದುಗರೇ, ನಿಮ್ಮ ಮನೆಯ ಕಥೆಯನ್ನು ಒಮ್ಮೆ ಹಿಂದಿರುಗಿ ನೋಡಿ. ಹೆಸರೆತ್ತದೆ ಬಿಟ್ಟವರು ಯಾರಾದರೂ ಇರುವರೇ? ಜಗಳವಾಡಿ ಹೋದ ತಮ್ಮ, ತವರಿಗೆ ಹಿಂದಿರುಗಿದ ಸೊಸೆ, ಕುಡಿತಕ್ಕೆ ಬಿದ್ದ ಅಣ್ಣ, ಮನಸ್ಸಿನ ಕಾಯಿಲೆಯಿಂದ ನರಳಿದ ಬಂಧು? ಅವರಲ್ಲಿ ಬದುಕಿರುವವರಿಗೆ ಒಂದು ಮಾತು ಕಳುಹಿಸಿ. ಏಕೆ ಹೋದಿರೆಂದು ಕೇಳಬೇಡಿ. ಅವರಿಂದ ನೀವು ಪಡೆದ ಯಾವುದಾದರೊಂದನ್ನು ನೆನೆಸಿ ಹೇಳಿ. ತೀರಿಕೊಂಡವರಾದರೆ ಮಕ್ಕಳ ಮುಂದೆ ಅವರ ಹೆಸರು ಹೇಳಿ.

ನಾವೂ ತಡವಾಗಿ ಹಾಗೆಯೇ ಮಾಡಿದೆವು. ಮೃತರನ್ನು ಸ್ಮರಿಸುವ ನವೆಂಬರ್ ತಿಂಗಳ ಒಂದು ಸಂಜೆ ಪ್ರಾರ್ಥನೆಯ ಬಳಿಕ ತಂದೆಯವರು ಮೊದಲ ಬಾರಿಗೆ ತಮ್ಮನ ಹೆಸರೆತ್ತಿದರು. ಚಿಕ್ಕಪ್ಪ ಸರಿಮಾಡಿಕೊಟ್ಟ ರೇಡಿಯೊವನ್ನು ಒಬ್ಬರು ನೆನೆದರು. ಮಳೆಯಲ್ಲಿ ಮಾಡು ಹತ್ತಿ ಆಂಟೆನಾ ತಿರುಗಿಸಿದ್ದನ್ನು ಪಕ್ಕದ ಮನೆಯವರು ನೆನೆದರು. ಅವರ ಕಾಯಿಲೆಯ ಮಾತನ್ನು ಯಾರೂ ಆಡಲಿಲ್ಲ. ಆಡುವ ಅಗತ್ಯವೂ ಕಾಣಲಿಲ್ಲ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಕುಳಿತಿದ್ದರು. ಕೊನೆಗೆ, "ಆ ಬಿದ್ರು ನಾನೇ ಕೊಡ್ಸಿದ್ದು ಕಣಪ್ಪ" ಎಂದರು.