ಒಬ್ಬರಿಗೊಬ್ಬರು ಕಾದ 28 ವರ್ಷ

ಕೊರಿಂಥದ ಕ್ರೈಸ್ತ ಸಭೆಯಲ್ಲಿ ಎದ್ದ ಜಗಳಗಳಲ್ಲಿ ಒಂದು ಊಟದ್ದು. ಕರ್ತನ ಭೋಜನಕ್ಕೆಂದು ಸೇರಿದಾಗ ಉಳ್ಳವರು ತಾವು ತಂದದ್ದನ್ನು ತಾವೇ ಮೊದಲು ಉಂಡು, ಕುಡಿದು ಮತ್ತೇರಿ ಕೂತಿರುತ್ತಿದ್ದರು. ಇಲ್ಲದವರು ಹಸಿದ ಹೊಟ್ಟೆಯಲ್ಲಿ ನೋಡುತ್ತಿದ್ದರು. ಸುದ್ದಿ ತಿಳಿದ ಪೌಲ ಕಟುವಾದ ಪತ್ರ ಬರೆದ. ಅದರಲ್ಲಿ ಅವನು ಕೊನೆಗೆ ಹೇಳಿದ ಪರಿಹಾರ ಮಾತ್ರ ತೀರಾ ಸಾದಾ: ಊಟಕ್ಕೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ.

ಆತ್ಮಿಕ ಬೆಳವಣಿಗೆ ಎಂದರೆ ಏಕಾಂತದ ಪ್ರಾರ್ಥನೆ, ಉಪವಾಸ, ವೇದಪಾಠ ಎಂದುಕೊಳ್ಳುವವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ಎಫೆಸದವರಿಗೆ ಬರೆದ ಪತ್ರದಲ್ಲೂ ಬೆಳೆಯುವುದು ಒಂಟಿ ಮನುಷ್ಯನಲ್ಲ, ಕೀಲುಕೀಲುಗಳಿಂದ ಜೋಡಿಸಿಕೊಂಡ ಇಡೀ ದೇಹ. ಕೀಲು ಇರುವ ಕಡೆಯೇ ನೋವೂ ಇರುತ್ತದೆ ಎಂಬುದು ಮಂಡಿನೋವಿನವರಿಗೆಲ್ಲ ಗೊತ್ತು.

ಈ ಕಾಯುವ ಕೆಲಸವನ್ನು ದಕ್ಷಿಣ ಭಾರತದ ಸಭೆಗಳು 28 ವರ್ಷ ಮಾಡಿದವು.

1919ರ ಮೇ ತಿಂಗಳ ಮೊದಲೆರಡು ದಿನ, ತಮಿಳುನಾಡಿನ ಕಡಲತೀರದ ತರಂಗಂಬಾಡಿಯಲ್ಲಿ 33 ಮಂದಿ ಸೇರಿದರು. 1706ರಲ್ಲಿ ಪ್ರಾಟೆಸ್ಟಂಟ್ ಮಿಷನರಿ ತ್ಸೀಗನ್‌ಬಾಲ್ಗ್ ಬಂದಿಳಿದ ಊರು ಅದು. ಸೇರಿದವರಲ್ಲಿ ಇಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. ಮುಂದಾಳುಗಳಲ್ಲಿ ದೋರ್ನಕಲ್ಲಿನ ಬಿಷಪ್ ವಿ.ಎಸ್. ಅಜರಯ್ಯ ಇದ್ದರು, 1912ರಲ್ಲಿ ಆ ಪದವಿಗೇರಿದ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಸೇರಿದವರ ವಾದ ನೇರವಾಗಿತ್ತು: ನಮ್ಮನ್ನು ಒಡೆದಿರುವ ಗೋಡೆಗಳನ್ನು ನಾವು ಕಟ್ಟಿದ್ದಲ್ಲ.

ಕನ್ನಡ ನಾಡನ್ನೇ ನೋಡಿದರೆ ಆ ಮಾತು ಅರ್ಥವಾಗುತ್ತದೆ. ಬಳ್ಳಾರಿಯ ಕ್ರೈಸ್ತರು ಲಂಡನ್ ಮಿಷನ್‌ನವರು. ಮೈಸೂರು, ತುಮಕೂರಿನ ಕಡೆ ವೆಸ್ಲಿಯನ್ ಮೆಥಡಿಸ್ಟರು. ಮಂಗಳೂರು, ಧಾರವಾಡಗಳಲ್ಲಿ ಬಾಸೆಲ್ ಮಿಷನ್. ಇವರಲ್ಲಿ ಯಾರೂ ತತ್ತ್ವ ತೂಗಿ ನೋಡಿ ಪಂಥ ಆರಿಸಿಕೊಂಡವರಲ್ಲ. ಯಾವ ಮಿಷನ್ ಯಾವ ಜಿಲ್ಲೆ ಹಂಚಿಕೊಂಡಿತೋ ಆ ಪಂಥ ಬಂತು. ಇಂಗ್ಲೆಂಡಿನ ರಾಜ ಮತ್ತು ಪಾರ್ಲಿಮೆಂಟಿನ ನಡುವಿನ ಹಳೆಯ ಕಲಹದ ಗುರುತು ಹೂವಿನಹಡಗಲಿಯ ರೈತನ ಹೆಸರಿಗೇಕೆ ಅಂಟಬೇಕು?

ಸಭೆಗಳನ್ನು ಒಂದಾಗಿಸುವ ಮಾತುಕತೆಗೆಂದು ರಚಿಸಿದ ಜಂಟಿ ಸಮಿತಿಯ ಮೊದಲ ಸಭೆ 1920ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲೇ ಕೂಡಿತು. ಸಿಕ್ಕು ಬಿದ್ದದ್ದು ಬಿಷಪ್ ಎಂಬ ಒಂದು ಪದದ ಸುತ್ತ. ಆಂಗ್ಲಿಕನ್ನರಿಗೆ ಅಪೊಸ್ತಲರ ಕಾಲದಿಂದ ಕೈಯಿಂದ ಕೈಗೆ ಇಳಿದುಬಂದ ಬಿಷಪ್ ಅಭಿಷೇಕ ಇಲ್ಲದೆ ಸಭೆಯ ಕ್ರಮವೇ ಪೂರ್ಣವಲ್ಲ. ಕಾಂಗ್ರಿಗೇಷನಲ್ ಮತ್ತು ಪ್ರೆಸ್ಬಿಟೇರಿಯನ್ ಹಿನ್ನೆಲೆಯವರಿಗೆ ಬಿಷಪ್ ಎಂದರೆ ದರ್ಬಾರಿನ ನೆನಪು. ಹಾಗಾದರೆ ಬಿಷಪ್ಪರ ಕೈ ತಲೆಯ ಮೇಲೆ ಬೀಳದೆ ವರ್ಷಗಟ್ಟಲೆ ದೀಕ್ಷಾಸ್ನಾನ ಕೊಟ್ಟ, ರೊಟ್ಟಿ ಮುರಿದ ಹಳ್ಳಿಯ ಅಯ್ಯನವರು ಏನಾಗಬೇಕು? ಮತ್ತೊಮ್ಮೆ ಅಭಿಷೇಕ ಮಾಡಿದರೆ ಹಿಂದಿನ ಅವರ ಸೇವೆಯೆಲ್ಲ ಸುಳ್ಳು ಎಂದಂತಾಗುತ್ತಿತ್ತು.

ಕೊನೆಗೆ ಕಂಡುಕೊಂಡ ದಾರಿ ಹೀಗಿತ್ತು: ಈಗಿರುವ ಎಲ್ಲ ಸಭಾಪಾಲಕರನ್ನೂ ಇದ್ದಂತೆಯೇ ಒಪ್ಪಿಕೊಳ್ಳುವುದು, ಮುಂದಿನ ಅಭಿಷೇಕಗಳೆಲ್ಲ ಬಿಷಪ್ಪರಿಂದ ನಡೆಯುವುದು, ಎರಡೂ ಬೇರು ಕೂಡಿ ಬೆಳೆಯಲು 30 ವರ್ಷ ಕೊಡುವುದು. ಇದರ ಜೊತೆಗೆ, ಯಾವ ಸಭೆಯ ಮೇಲೂ ಅದಕ್ಕೆ ಒಗ್ಗದ ಸಭಾಪಾಲಕರನ್ನು ಹೇರುವುದಿಲ್ಲ ಎಂಬ ವಚನ. ಕಾನೂನಿನ ಕಣ್ಣಿಗೆ ಇದು ಸಡಿಲ ಗಂಟು. ಆದರೆ ನಂಬಿಕೆಯ ಮೇಲೆ ಕಟ್ಟಿದ ಗಂಟುಗಳು ಹಾಗೇ ಇರುತ್ತವೆ. ಮದುವೆ ಮಾಡಿಸುವವರಿಗೆ ಇದು ಗೊತ್ತು.

ಇಂಗ್ಲೆಂಡಿನಲ್ಲಿ ಹಲವರಿಗೆ ಸಿಟ್ಟು ಬಂತು. ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಈ ಯೋಜನೆಯ ವಿರುದ್ಧ ಒಂದು ಕಿರುಹೊತ್ತಿಗೆಯನ್ನೇ ಬರೆದರು. ಅಜರಯ್ಯನವರಿಗೆ ಫಲ ನೋಡುವ ಭಾಗ್ಯ ಸಿಗಲಿಲ್ಲ. 1945ರ ಜನವರಿ 1ರಂದು ತೀರಿಕೊಂಡರು. ಸ್ವಾತಂತ್ರ್ಯ ಬಂದು ಆರು ವಾರ ಕಳೆದ ಮೇಲೆ, 1947ರ ಸೆಪ್ಟೆಂಬರ್ 27ರಂದು, ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. 14 ಧರ್ಮಪ್ರಾಂತ್ಯಗಳು, ಸುಮಾರು ಹತ್ತು ಲಕ್ಷ ಜನ. ಬಿಷಪ್ಪರೇ ಇಲ್ಲದ ಸ್ಕಾಟ್ಲೆಂಡಿನ ಸಭೆಯಿಂದ ಬಂದ ಲೆಸ್ಲಿ ನ್ಯೂಬಿಗಿನ್ ಅಂದು ಮದುರೈ-ರಾಮನಾಡಿನ ಬಿಷಪ್ ಆದರು. ಧಾರವಾಡ ಸೀಮೆಯ ಬಾಸೆಲ್ ಸಭೆಗಳು ಆ ದಿನ ಇರಲಿಲ್ಲ, ಆಮೇಲೆ ಸೇರಿದವು.

ಕಾಗದದ ಮೇಲಿನ ಐಕ್ಯ ಜನರ ಮೈಗೆ ಇಳಿದದ್ದು ಆರಾಧನೆಯಲ್ಲಿ. 1950ರಲ್ಲಿ ಹೊಸ ಸಭೆ ತನ್ನದೇ ಭೋಜನಕ್ರಮ ರೂಪಿಸಿಕೊಂಡಿತು. ಅದರಲ್ಲಿ ಸಮಾಧಾನ ಹಂಚುವ ಘಟ್ಟವೊಂದಿದೆ: ಸಭಾಪಾಲಕರು ಎದುರಿಗಿದ್ದವರ ಕೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿಯುತ್ತಾರೆ, ಅವರು ಪಕ್ಕದವರದ್ದು, ಪಕ್ಕದವರು ಹಿಂದಿನ ಸಾಲಿನವರದ್ದು. ಹೊಲದ ಮಣ್ಣಿನಿಂದ ಒರಟಾದ ಕೈ, ಬ್ಯಾಂಕಿನ ನೋಟು ಎಣಿಸುವ ಕೈ, ಅಜ್ಜಿಯ ನಡುಗುವ ಕೈ. ಸ್ವಾರಸ್ಯವೆಂದರೆ ಈ ಪದ್ಧತಿ ಬಂದದ್ದು ಕೇರಳದ ಸಿರಿಯನ್ ಕ್ರೈಸ್ತರಿಂದ. ಐಕ್ಯದ ಮಾತುಕತೆಯಲ್ಲಿ ಅವರು ಪಾಲುದಾರರೇ ಆಗಿರಲಿಲ್ಲ. ಹೊಸ ವರ್ಷದ ಒಡಂಬಡಿಕೆಯ ಆರಾಧನೆ ಮೆಥಡಿಸ್ಟರ ಮನೆಯಿಂದ ಬಂತು. ಕೊಟ್ಟವರಿಗೆ ಕಳೆದುಕೊಂಡ ಭಾವವಿಲ್ಲ, ಪಡೆದವರಿಗೆ ಸೋತ ಭಾವವಿಲ್ಲ. ಈ ಐಕ್ಯದ ಅತ್ಯಂತ ಚೆಂದದ ಭಾಗ ಇದೇ.

ಬೆಂಗಳೂರಿನ ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್ನರು ಕಟ್ಟಿದ್ದು, ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಸ್ಕಾಟರದ್ದು, ಕಾರ್ಪೊರೇಷನ್ ಬಳಿಯ ಕನ್ನಡ ಸಭೆ ಹಡ್ಸನ್ ಸ್ಮಾರಕ ವೆಸ್ಲಿಯನ್ನರದ್ದು. ಇಂದು ಮೂರೂ ಒಂದೇ ಧರ್ಮಪ್ರಾಂತ್ಯದಲ್ಲಿವೆ. ಆದರೆ ಕಟ್ಟಡದ ಚಹರೆ, ಹಾಡಿನ ರಾಗ ಇಂದಿಗೂ ತವರನ್ನು ಹೇಳುತ್ತವೆ. ಯಾರೂ ಅದನ್ನು ಸವರಿ ಸಮ ಮಾಡಲು ಹೋಗಿಲ್ಲ, ಒಳ್ಳೆಯದೇ ಆಯಿತು.

ಒಂದಾಗಿ ದುಡಿಯುವುದು ಹೇಗೆಂದು ನೋಡಬೇಕಾದರೆ ಯಾವುದಾದರೂ ಕನ್ನಡ ಸಭೆಯ ಸುಗ್ಗಿ ಹಬ್ಬಕ್ಕೆ ಹೋಗಬೇಕು. ಕಬ್ಬು, ಬಾಳೆಗೊನೆ, ತೆಂಗಿನಕಾಯಿ, ಕಾಲು ಕಟ್ಟಿದ ಹುಂಜ, ಮನೆಯಲ್ಲಿ ಮಾಡಿದ ಕೇಕು, ಎಲ್ಲವೂ ಹರಾಜಿಗೆ. ಕೊಂಡ ಕುಂಬಳಕಾಯಿಯನ್ನು ಕೊಂಡವರೇ ಮತ್ತೆ ಸಭೆಗೆ ಒಪ್ಪಿಸುತ್ತಾರೆ, ಅದು ಇನ್ನೊಮ್ಮೆ ಹರಾಜಾಗುತ್ತದೆ. ಸಭೆಯ ಕಮಿಟಿ ಚುನಾವಣೆಯಲ್ಲಿ ಹಾವು ಮುಂಗುಸಿಯಂತಿದ್ದ ಇಬ್ಬರು ಇಲ್ಲಿ ಹುಂಜಕ್ಕೆ ಪೈಪೋಟಿಯಲ್ಲಿ ಕೂಗಿ ನಗುತ್ತಿರುತ್ತಾರೆ.

ಆ ನಗು ಎಲ್ಲ ಕಡೆಗೂ ತಲುಪಿಲ್ಲ. ಮಿಷನ್‌ಗಳ ಹೆಸರು ಅಳಿಸಿದಷ್ಟು ಸುಲಭಕ್ಕೆ ಜಾತಿ ಅಳಿಯಲಿಲ್ಲ. ಮದುವೆಯ ಮಾತು ಬಂದಾಗ, ಚುನಾವಣೆಯ ಪಟ್ಟಿ ಸಿದ್ಧವಾಗುವಾಗ ಅದು ಹಿತ್ತಿಲ ಬಾಗಿಲಿಂದ ಒಳಗೆ ಬರುತ್ತದೆ. ಮಿಷನ್‌ಗಳು ಬಿಟ್ಟುಹೋದ ಜಾಗಗಳ ಮೇಲಿನ ವ್ಯಾಜ್ಯಗಳು ಕೋರ್ಟಿನಲ್ಲಿವೆ. ಬಿಷಪ್ಪರ ಅಧಿಕಾರದ ಬಗ್ಗೆ 28 ವರ್ಷ ತಾಳ್ಮೆಯಿಂದ ಮಾತಾಡಿದ ಪರಂಪರೆಗೆ ಇದು ಒಪ್ಪುವಂಥದ್ದಲ್ಲ. ಕೊರಿಂಥದ ಊಟದ ಸಾಲು ಇನ್ನೂ ಸರಿಹೋಗಿಲ್ಲ.

ಆದರೂ ಕಾಯುವುದಕ್ಕೆ ಫಲವಿದೆ ಎಂಬುದಕ್ಕೆ ಬಳ್ಳಾರಿಯಿಂದ ಬಹಳ ದೂರವೇನೂ ಅಲ್ಲದ ನಂದ್ಯಾಲವಿದೆ. 1947ರಲ್ಲಿ ಅಲ್ಲಿನ ಸಾವಿರಾರು ಆಂಗ್ಲಿಕನ್ನರು ಹೊಸ ಸಭೆಗೆ ಬರಲು ಒಪ್ಪದೆ ಹೊರಗೇ ಉಳಿದರು. ಅವರನ್ನು ಯಾರೂ ಎಳೆದು ತರಲಿಲ್ಲ. 1970ರ ದಶಕದಲ್ಲಿ ಅವರೇ ಬಂದು ಸೇರಿದರು. 2013ರಲ್ಲಿ ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ಪರಾಗಿ ಪುಷ್ಪಲಲಿತಾ ಅಭಿಷಿಕ್ತರಾದದ್ದು ಆ ನಂದ್ಯಾಲಕ್ಕೇ.