ಜೀರ್ಣೋದ್ಧಾರದ ಧರ್ಮ

ಹಳೆಯದನ್ನು ಎತ್ತಿ ನಿಲ್ಲಿಸುವದು ಪುಣ್ಯಕಾರ್ಯವೆಂಬ ಭಾವನೆಯು ಕನ್ನಡ ನಾಡಿನಲ್ಲಿ ಬಹು ಪ್ರಾಚೀನವಾದುದು. ಇಲ್ಲಿಯ ಶಿಲಾಶಾಸನಗಳಲ್ಲಿ ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ನಿತ್ಯಪೂಜೆಯೊಡನೆ ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತೂ ಬರುವದುಂಟು. ಒಡೆದುದನ್ನು ಕೂಡಿಸಬೇಕು, ಸವೆದುದನ್ನು ತುಂಬಬೇಕು ಎಂದು ಅದರ ತಾತ್ಪರ್ಯ. ಆದರೆ ಕೂಡಿಸಿ ತುಂಬಿದ ಮೇಲೆ ಉಳಿಯುವದು ಹಿಂದಿನ ವಸ್ತುವೋ, ಬೇರೊಂದೋ? ಅದನ್ನು ಹಿಂದಿನದೆಂದು ಹೇಳಿಕೊಳ್ಳುವ ಅಧಿಕಾರವು ಎಲ್ಲಿಯವರೆಗೆ? ಗುಡಿಯ ವಿಷಯದಲ್ಲಿ ಕೇಳಲು ಸಂಕೋಚವೆನಿಸುವ ಈ ಪ್ರಶ್ನೆಯನ್ನು ಒಂದು ಹಳೆಯ ಮೋಟಾರ್ ಸೈಕಲ್ಲಿನ ವಿಷಯದಲ್ಲಿ ನಿಸ್ಸಂಕೋಚವಾಗಿ ಕೇಳಬಹುದು.

ಜಪಾನಿನ ಯಮಹಾ ಸಂಸ್ಥೆಯ ರಚನೆಯನ್ನನುಸರಿಸಿ ಎಸ್ಕಾರ್ಟ್ಸ್ ಸಂಸ್ಥೆಯು ಆರ್.ಎಕ್ಸ್. 100 ಎಂಬ ಗಾಡಿಯನ್ನು 1985ರಿಂದ 1996ರ ವರೆಗೆ ಭಾರತದಲ್ಲಿ ಹೊರತಂದಿತು. ಮೊದಮೊದಲಿನ ಗಾಡಿಗಳು ಜಪಾನಿನಿಂದಲೇ ಬಂದ ಭಾಗಗಳನ್ನು ಇಲ್ಲಿ ಜೋಡಿಸಿದಂಥವು. ಎಂಜಿನ್ನು ಕೇವಲ 98 ಘನ ಸೆಂಟಿಮೀಟರಿನದು. ಶಕ್ತಿಯು ಸುಮಾರು 11 ಅಶ್ವಬಲ. ಮೈಯು ಹಗುರವಾದುದರಿಂದ ಓಟದಲ್ಲಿ ಅದು ತನಗಿಂತ ದೊಡ್ಡ ಗಾಡಿಗಳನ್ನು ನಾಚಿಸುತ್ತಿತ್ತು. ಇಂದು ಅದನ್ನು ಹುಡುಕಿಕೊಂಡು ಬರುವವರು ಎಲ್ಲೆಡೆಯೂ ಇರುವರು.

ಬಸವನ ಬಾಗೇವಾಡಿ ಸೀಮೆಯ ಕೃಷ್ಣಾತೀರದ ಒಂದು ಮನೆಯನ್ನು ವಾಚಕರು ಮನಸ್ಸಿನ ಮುಂದೆ ತಂದುಕೊಳ್ಳಲಿ. ಆಲಮಟ್ಟಿಯ ಆಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದಿನ ದಶಕಗಳಲ್ಲಿ ಅದರ ಹಿನ್ನೀರಿಗೆ ಅನೇಕ ಹಳ್ಳಿಗಳು ತಮ್ಮ ಮನೆಮಾರುಗಳನ್ನು ಬಿಟ್ಟುಕೊಟ್ಟವು. ಆ ಮನೆಯೂ ಅವುಗಳಲ್ಲಿ ಒಂದು. ಯಜಮಾನನು ಹೊಸ ವಸತಿಗೆ ಕಾಳಿನ ಚೀಲಗಳನ್ನೂ, ಮಕ್ಕಳನ್ನೂ, ಕಡೆಗೆ ಕಿತ್ತ ಬಾಗಿಲಿನ ತೋಳುಗಳನ್ನೂ ಸಾಗಿಸಿದುದು ಇಂಥ ಒಂದು ಗಾಡಿಯ ಮೇಲೆಯೇ. ಅವನು ತೀರಿದ ಬಳಿಕ ಅದು ದನದ ಕೊಟ್ಟಿಗೆಯ ಮೂಲೆಯಲ್ಲಿ ವರ್ಷಗಟ್ಟಲೆ ತುಕ್ಕು ತಿಂದು ನಿಂತಿತು. ಈಗ ಮಗನು ಅದನ್ನು ಅಂಗಳಕ್ಕೆ ತಂದು, ಬಿಚ್ಚಿ, ಒಂದೊಂದನ್ನೇ ಒರೆಸಿ ಕೂಡಿಸತೊಡಗಿರುವನು.

ಮೊದಲ ದಿನವೇ ಅವನಿಗೆ ಪ್ರಶ್ನೆ ಎದುರಾಗುವದು. ಸಿಲಿಂಡರು ಸವೆದಿದೆ, ಅದನ್ನು ಕೊರೆಯಿಸಿ ಅಳತೆ ಹೆಚ್ಚಿದ ಹೊಸ ಪಿಸ್ಟನ್ನನ್ನು ಕೂಡಿಸಬೇಕು. ಟಾಯರುಗಳು ಬಿರಿದಿವೆ, ತಂತಿಗಳು ಕೊಳೆತಿವೆ, ರಬ್ಬರಿನ ಸೀಲುಗಳು ಪುಡಿಯಾಗಿವೆ. ಇವೆಲ್ಲವನ್ನೂ ಬದಲಿಸಿದರೆ ತಂದೆಯ ಗಾಡಿಯು ಎಲ್ಲಿ ಉಳಿಯಿತು?

ಪ್ರಶ್ನೆಯು ಹೊಸದಲ್ಲ. ಥೀಸಿಯಸನ ಹಡಗಿನ ಕೊಳೆತ ಹಲಗೆಗಳನ್ನು ಅಥೆನ್ಸಿನವರು ಕಾಲಕಾಲಕ್ಕೆ ಬದಲಿಸುತ್ತ ಬಂದುದನ್ನೂ, ಅದು ಅದೇ ಹಡಗೋ ಅಲ್ಲವೋ ಎಂದು ತತ್ತ್ವಜ್ಞರು ವಾದಿಸಿದುದನ್ನೂ ಪ್ಲುಟಾರ್ಕನು ಬರೆದಿಟ್ಟಿರುವನು. ಮಿಲಿಂದ ರಾಜನೊಡನೆ ಸಂವಾದಿಸಿದ ಬೌದ್ಧಭಿಕ್ಷು ನಾಗಸೇನನಾದರೋ ಇನ್ನೂ ಮುಂದಕ್ಕೆ ಹೋದನು: ಅಚ್ಚು ರಥವಲ್ಲ, ಗಾಲಿ ರಥವಲ್ಲ, ನೊಗ ರಥವಲ್ಲ, ಇವುಗಳ ಕೂಟಕ್ಕೆ ವ್ಯವಹಾರಕ್ಕಾಗಿ ಇಟ್ಟ ಹೆಸರೇ ರಥ ಎಂದು ಅವನ ವಾದದ ಸಾರ. ಈ ಸೀಮೆಯ ಒಕ್ಕಲಿಗನು ಗ್ರಂಥವನ್ನೋದದೆ ಈ ಮಾತನ್ನು ಬಲ್ಲನು. ಬಡಿಗನು ಗಾಲಿಯನ್ನು ಹೊಸದಾಗಿ ಮಾಡಿದನು. ಕಂಬಾರನು ಹಳಿಯನ್ನು ಕಾಸಿ ಬಿಗಿದನು. ನೊಗವು ಎರಡು ಸಲ ಬದಲಾಯಿತು. ಆದರೂ ಅದು ಅಜ್ಜನ ಚಕ್ಕಡಿಯೇ. ಮುಳುಗಿದ ಹಳ್ಳಿಯ ಸಂಗತಿಯೂ ಹಾಗೆಯೇ. ಮಣ್ಣು ಬೇರೆ, ಗೋಡೆ ಬೇರೆ, ಓಣಿ ಬೇರೆ. ಹೆಸರು, ಜನ, ದೇವರು ಮಾತ್ರ ಹಿಂದಿನವು. ಅಲ್ಲಿಯ ಮುದುಕಿಯನ್ನು ಯಾವ ಊರವಳೆಂದು ಕೇಳಿದರೆ ಆಕೆಯು ಹಳೆಯ ಹೆಸರನ್ನೇ ಹೇಳುವಳು, ಅದು ಸುಳ್ಳಲ್ಲ.

ಹಾಗಾದರೆ ಏನನ್ನು ಬದಲಿಸಿದರೂ ಅದೇ ವಸ್ತುವೆನ್ನಬಹುದೇ? ಇಲ್ಲಿ ಎಚ್ಚರ ಬೇಕು. ಚಕ್ಕಡಿಯ ಗಾಲಿಯನ್ನು ಬದಲಿಸಿದ ಒಕ್ಕಲಿಗನು ಆ ಸಂಗತಿಯನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಬಹಿರಂಗವಾಗಿ ನಡೆದ ಬದಲಾವಣೆಯು ವಸ್ತುವಿನ ಚರಿತ್ರೆಯಾಗುವದು; ಮುಚ್ಚಿಟ್ಟ ಬದಲಾವಣೆಯು ವಂಚನೆಯಾಗುವದು. ಎಂಜಿನ್ನಿನ ಅಂಕಿಗಳನ್ನು ಅರದಿಂದ ಉಜ್ಜಿ ಬೇರೆ ಅಂಕಿಗಳನ್ನು ಒತ್ತುವವರೂ, ನಿನ್ನೆಯ ಟಾಕಿಗೆ ಹಳೆಯ ಬಣ್ಣ ಹಚ್ಚಿ ಜಪಾನಿನದೆಂದು ಮಾರುವವರೂ ಇರುವರು. ಚಾಸಿಯ ಮತ್ತು ಎಂಜಿನ್ನಿನ ಅಂಕಿಗಳನ್ನು ಸರಕಾರವು ದಾಖಲೆಯಲ್ಲಿ ಬರೆದಿಡುವದೂ, ಎಂಜಿನ್ನನ್ನು ಬದಲಿಸಿದರೆ ತಿಳಿಸಬೇಕೆಂದು ವಿಧಿಸುವದೂ ಇದಕ್ಕಾಗಿಯೇ. ಆದುದರಿಂದ ಎಷ್ಟು ಭಾಗ ಹಳೆಯದು ಎಂಬುದಕ್ಕಿಂತ, ಹೊಸದನ್ನು ಹೊಸದೆಂದು ಹೇಳಲಾಯಿತೇ ಎಂಬುದೇ ಜೀರ್ಣೋದ್ಧಾರದ ಮೊದಲನೆಯ ಧರ್ಮ.

ಇನ್ನೊಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ಈ ಬಗೆಯ ಎಂಜಿನ್ನು ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವದು. ಸುಡದ ಇಂಧನದ ಒಂದು ಅಂಶವು ಹೊಗೆಯ ದಾರಿಯಿಂದ ಹಾಗೆಯೇ ಹೊರಬೀಳುವದು. ಹೊಗೆಯ ನಿಯಮಗಳು 1996ರಲ್ಲಿಯೂ 2000ದಲ್ಲಿಯೂ ಬಿಗಿಯಾದುವು. ಇಂಥ ಗಾಡಿಗಳು ಕ್ರಮೇಣ ಹಿಂದೆ ಸರಿದುವು. ತನ್ನ ನೆನಪಿನ ಸಲುವಾಗಿ ನೆರೆಯವನ ಉಸಿರನ್ನು ಕೆಡಿಸುವ ಹಕ್ಕು ಯಾರಿಗೂ ಇಲ್ಲ. ಅದೇ ಸಮಯಕ್ಕೆ, ಆಗಲೇ ಅಗೆದು ಕರಗಿಸಿ ರೂಪಿಸಿದ ಲೋಹವನ್ನು ಕಸವೆಂದು ಎಸೆದು ಹೊಸದನ್ನು ಕೊಳ್ಳುವದೂ ನಿರ್ದೋಷವಲ್ಲ. ಇವೆರಡರ ನಡುವಿನ ದಾರಿಯೆಂದರೆ ಮಿತ: ಗಾಡಿಯನ್ನು ಸುಸ್ಥಿತಿಯಲ್ಲಿಡುವದು, ಕಾಯಿದೆಯಂತೆ ತಪಾಸಣೆ ಮಾಡಿಸುವದು, ನಿತ್ಯದ ಓಡಾಟಕ್ಕೆ ಬಳಸದೆ ಅಪರೂಪಕ್ಕೆ ನಡೆಸುವದು.

ಮನೆಯ ಕಥೆಗೆ ಮರಳೋಣವಾಗಲಿ. ಕೆಲಸವು ಮುಗಿಯುತ್ತ ಬಂದಾಗ ಸೊಲ್ಲಾಪುರದ ಕಡೆಯ ಒಬ್ಬ ಹವ್ಯಾಸಿಯು ಬಂದು ಒಳ್ಳೆಯ ಬೆಲೆಯನ್ನು ಹೇಳಿದನು. ಕೇಳಿದುದು ಎರಡೇ ಮಾತು: ಟಾಕಿಯ ಮೇಲಿನ ತಗ್ಗನ್ನು ತೆಗೆಸಬೇಕು, ಎಲ್ಲವೂ ಮೂಲದ ಭಾಗಗಳೆಂದು ಬರೆದುಕೊಡಬೇಕು. ಆ ವರ್ಷ ಮಳೆ ಕೈಕೊಟ್ಟಿತ್ತು. ಮಗನಿಗೆ ಹಣದ ಅಗತ್ಯವಿತ್ತು. ಮೊದಲನೆಯ ಮಾತನ್ನಾದರೂ ಒಪ್ಪೋಣವೆಂದು ಅವನು ಸುತ್ತಿಗೆಯನ್ನು ಕೈಗೆತ್ತಿಕೊಂಡಾಗ ತಾಯಿಯು ಪಡಸಾಲೆಯಿಂದ, “ಆ ತಗ್ಗ ತೆಗೀಬ್ಯಾಡ ತಮ್ಮಾ. ಹಳೇ ಮನಿ ಬಾಗಲಾ ತರುವಾಗ ತೋಳ ಬಡದ ಬಿದ್ದ ತಗ್ಗ ಅದು” ಎಂದಳು. ಮನೆ ನೀರಿನಡಿಯಲ್ಲಿದೆ, ತಂದೆ ಮಣ್ಣಿನಲ್ಲಿರುವನು, ಅವೆರಡರ ಸಾಕ್ಷಿಯಾಗಿ ಆ ತಗ್ಗೊಂದೇ ಭೂಮಿಯ ಮೇಲೆ ಉಳಿದಿತ್ತು. ಮಗನು ಸುತ್ತಿಗೆಯನ್ನು ಕೆಳಗಿಟ್ಟನು.

ಇಲ್ಲಿ ಎರಡನೆಯ ಧರ್ಮವು ತೋರುವದು. ಗಾಡಿಯನ್ನು ನಡೆಯಗೊಡದ ದೋಷವು ಬೇರೆ, ಗಾಡಿಯು ಬದುಕಿದುದರ ಗುರುತು ಬೇರೆ. ಸವೆದ ಪಿಸ್ಟನ್ನು ಮೊದಲನೆಯದು. ಅದನ್ನು ಬದಲಿಸುವದು ಸೇವೆ. ಟಾಕಿಯ ತಗ್ಗು ಎರಡನೆಯದು. ಅದನ್ನು ಅಳಿಸುವದು ಮರೆವು. ಕಾರಖಾನೆಯಿಂದ ಬಂದ ದಿನದಂತೆ ಮಾಡಹೊರಡುವವನು ವಸ್ತುವಿಗೆ ಯೌವನವನ್ನು ಕೊಡುವೆನೆಂದು ಅದರ ಆಯುಷ್ಯವನ್ನೇ ಕಿತ್ತುಕೊಳ್ಳುವನು.

ಮಗನು ಒಂದು ವಹಿಯಲ್ಲಿ ಬದಲಿಸಿದ ಭಾಗಗಳನ್ನೆಲ್ಲ ತಾರೀಖಿನೊಡನೆ ಬರೆದು ಹವ್ಯಾಸಿಗೆ ತೋರಿಸಿದನು. ಅವನು ಓದಿ, ನಸುನಕ್ಕು, ಹೊರಟುಹೋದನು. ಆ ವರ್ಷ ಮನೆಗೆ ಬರಬೇಕಾದ ಹಣ ಬರಲಿಲ್ಲ. ಧರ್ಮಕ್ಕೆ ಬೆಲೆಯಿಲ್ಲವೆಂದು ಯಾರೂ ಹೇಳದಿರಲಿ. ಮಹಾನವಮಿಯ ದಿನ ಕುಡ, ಕೊಡಲಿಗಳ ಸಾಲಿನಲ್ಲಿ ಆ ಗಾಡಿಯೂ ನಿಂತಿತು. ತಾಯಿಯು ಅದಕ್ಕೆ ವಿಭೂತಿಯನ್ನು ಹಚ್ಚಿದುದು ಆ ತಗ್ಗಿನ ಮೇಲೆಯೇ.